ಬೀದಿಯ ಕೊಪ್ಪರಿಗೆ ಅಪ್ಪನದಾದದ್ದು

ನನ್ನ ಮದುವೆ ಹತ್ತಿರ ಬಂದಿತ್ತು, ಆಗಲೇ ಗುಂಡ್ಲುಪೇಟೆಯ ನಮ್ಮ ಬೀದಿ ಕೊನೆಯ ಎಣ್ಣೆ ಮಿಲ್ಲಿನ ಕಂಪನಿ ದಿವಾಳಿಯಾಯಿತು. ಐವತ್ತರ ದಶಕದ ಮಾತು. "ಇನ್ನೊಂದು ತಿಂಗ್ಳು ತಡಕೊಂಡು ಮುಳುಗಿದ್ರೆ ಏನಾಗ್ತಿತ್ತು ಇದ್ಕೆ?" ಅಂತ ಅವ್ವ ಕಂಪನಿಯನ್ನೇ ಬೈದಳು.

ಬೀದಿಯ ಮದುವೆ ಪಾತ್ರೆಗಳೆಲ್ಲ ಆ ಮಿಲ್ಲಿನ ಗೋಡೌನಿನಲ್ಲಿದ್ದವು. ಎರಡು ದೊಡ್ಡ ತಾಮ್ರದ ಕೊಪ್ಪರಿಗೆ, ಅವಕ್ಕೆ ತಕ್ಕ ಸೌಟುಗಳು. ಹಿರಿಯರು ಮನೆಗಿಷ್ಟು ಅಂತ ದುಡ್ಡು ಹಾಕಿ ಕೊಂಡದ್ದು. ಯಾರ ಮನೆಯಲ್ಲಿಟ್ಟರೂ ಉಳಿದವರಿಗೆ ಅನುಮಾನ, ಅದಕ್ಕೇ ಕಬ್ಬಿಣದ ಬಾಗಿಲಿರುವ ಕಡೆ ಇಟ್ಟಿದ್ದರು. ಈಗ ಆ ಬಾಗಿಲಿಗೆ ಅರಗಿನ ಸೀಲು ಬಿದ್ದಿತ್ತು. ಗಂಡಿನ ಕಡೆಯವರು ಹರದನಹಳ್ಳಿಯಿಂದ ಊರಿಗೆ ಊರೇ ಬರುತ್ತೇವೆಂದು ಹೇಳಿಕಳಿಸಿದ್ದರು. ನಮ್ಮ ಮನೆ ತಪ್ಪಲೆಯಲ್ಲಿ ಬೆಂದ ಅನ್ನ ಬೀಗರ ಮೊದಲ ಸಾಲಿಗೂ ಸಾಲುತ್ತಿರಲಿಲ್ಲ.

ಮೈಸೂರಿಂದ ಲಿಕ್ವಿಡೇಟರು ಬಂದು ಸೀಲು ಒಡೆಸಿದರು. ಮುಳುಗಿದ ಕಂಪನಿಯ ಸಾಮಾನು ಮಾರಿ, ಸಾಲ ಕೊಟ್ಟವರಿಗೆ ಹಂಚುವುದು ಅವರ ಕೆಲಸ. ಒಳಗೆ ಸ್ವಂತದ್ದೇನಾದರೂ ಇದ್ದವರು ಹೇಳಿಕೊಳ್ಳಬಹುದು ಅಂದರು. ನಾನು ಅಜ್ಜಿಯ ಹಿಂದೆ ನಿಂತು ಕೇಳುತ್ತಿದ್ದೆ.

ಮೊದಲು ಎದ್ದವನು ಹರವೆಯ ರೈತ. ತನ್ನ ಕಡಲೆಕಾಯಿ ಎಣ್ಣೆಯಾಗಿ ಒಳಗಿನ ಪೀಪಾಯಿಯಲ್ಲಿದೆ ಅಂದ. ಯಾವ ಪೀಪಾಯಿ ಅಂತ ಕೇಳಿದ್ದಕ್ಕೆ ಒಂದೊಂದನ್ನೂ ಮೂಸಿ ನೋಡಿ, "ಇದೇ ಇರ್ಬೋದು ಸ್ವಾಮಿ" ಅಂದ.

"ಇರಬಹುದು ಅಂದರೆ ಆಗಲ್ಲ. ಬೆರೆತುಹೋದದ್ದು ಕಂಪನಿದು" ಅಂದರು ಸಾಹೇಬರು.

ಆಮೇಲೆ ಅಪ್ಪ ಎದ್ದ. "ಕೊಪ್ಪರಿಗೆ ನಮ್ಮವು ಸ್ವಾಮಿ."

"ನಮ್ಮವು ಅಂದರೆ ಯಾರವು?"

"ಬೀದೀವು."

"ಹಾಗಾದರೆ ಬೀದಿ ಬಂದು ಸೈನ್ ಮಾಡಲಿ."

ಅಪ್ಪ ಬೀದಿಯ ಕಡೆ ತಿರುಗಿ ನೋಡಿದ. ಬೀದಿ ನೆಲ ನೋಡುತ್ತಿತ್ತು. ಯಾರಾದರೂ ಒಬ್ಬ ಮಾಲೀಕ, ಅವನಿಗೆ ಸಾಕ್ಷಿಗಳು, ಗುರುವಾರ ಚಾಮರಾಜನಗರದ ಸರ್ಕಾರಿ ಬಂಗಲೆಗೆ ಬರಬೇಕು, ಇಲ್ಲದಿದ್ದರೆ ಹರಾಜು ಅಂತ ಹೇಳಿ ಸಾಹೇಬರು ಎದ್ದರು.

ಸಂಜೆ ನಮ್ಮ ಜಗಲಿಯಲ್ಲಿ ಎಲ್ಲ ಸೇರಿದರು. ನನ್ನದು ಅನ್ನಲು ಒಬ್ಬರಿಗೂ ಬಾಯಿ ಬರಲಿಲ್ಲ.

"ದೊಡ್ಡಪ್ಪ, ನೀವೇ ಹಿರೀರು, ನಿಮ್ದು ಅಂದ್ಬುಡಿ" ಅಂದ ಅಪ್ಪ.

ಎದುರು ಮನೆ ದೊಡ್ಡಪ್ಪ ಎಲೆಗೆ ಸುಣ್ಣ ಸವರುತ್ತಲೇ ಹೇಳಿದರು: "ಅಂದ್ಬುಡ್ತೀನಿ ಕಣ್ಲಾ. ನಾಳೆ ನನ್ ಮಕ್ಳು ಅದ್ನೇ ನಿಜಾ ಅನ್ಕಂಡ್ರೆ?"

ದೊಡ್ಡಪ್ಪನ ಮಕ್ಕಳನ್ನು ಬಲ್ಲವರೆಲ್ಲ ಅಪ್ಪನ ಕಡೆ ತಿರುಗಿದರು. ಅಜ್ಜಿ ಅಪ್ಪನಿಗೆ, "ಮದ್ವೆ ಯಾರ ಮಗಳ್ದುಲಾ? ನೀನೇ ಓಗು" ಅಂದಳು. ನನ್ನ ಕಡೆ ತಿರುಗಿ, "ನೀ ಯಾಕಮ್ಮಿ ಅಳ್ತೀಯಾ, ಕೊಪ್ಪರಿಗೆ ಕಟ್ಕಳಕ್ಕೆ ಬತ್ತಾವ್ನಾ ನಿನ್ ಗಂಡ?" ಅಂದಳು.

ಗುರುವಾರ ಬೀದಿಯ ಗಂಡಸರೆಲ್ಲ ಬಸ್ಸು ಹತ್ತಿದರು. ಅಲ್ಲಿ ನಡೆದದ್ದನ್ನು ಅಪ್ಪ ಬಂದು ಹೇಳಿದ. ತೆರಕಣಾಂಬಿ ದಾಟುವವರೆಗೂ ಸುಳ್ಳು ಹೇಳುವುದಕ್ಕೆ ಹೆದರಿದ್ದ ಜನ, ಸಾಹೇಬರ ಮುಂದೆ ನಿಂತ ಮೇಲೆ ಕಟ್ಟು ಬಿಚ್ಚಿದ ಹೋರಿಗಳಾದರಂತೆ. ಕೊಪ್ಪರಿಗೆ ಇವರ ತಾತನದು ಅಂದ ಒಬ್ಬ. ಮುತ್ತಾತನದು ಅಂದ ಇನ್ನೊಬ್ಬ. "ಇವ್ರು ದೊಡ್ಡ ಮನಸ್ನೋರು ಸ್ವಾಮಿ, ನಮ್ಮಂಥೋರ್ಗೂ ಕೊಡ್ತಾರೆ" ಅಂತ ದೊಡ್ಡಪ್ಪ ಕಣ್ಣೊರೆಸಿಕೊಂಡರಂತೆ. ಅಪ್ಪನಿಗೇ ಒಂದು ಗಳಿಗೆ ನಂಬಿಕೆ ಬಂತಂತೆ. ಸಾಹೇಬರು ಕೊಪ್ಪರಿಗೆ ಅಪ್ಪನವೇ ಅಂತ ಕಾಗದ ಬರೆದು ಸೀಲು ಒತ್ತಿ ಕೊಟ್ಟರು.

ಮದುವೆ ಚೆನ್ನಾಗಿಯೇ ಆಯಿತು. ಹರದನಹಳ್ಳಿಯವರು ಹೇಳಿದಂತೆ ಊರಿಗೆ ಊರೇ ಬಂದು, ಉಂಡು ಹೋದರು.

ಮಾರನೆಯ ದಿನ ಬೀದಿಯವರು ಕೊಪ್ಪರಿಗೆ ತೊಳೆದು ತಂದು ನಮ್ಮ ಅಂಗಳದಲ್ಲಿ ಬೋರಲು ಹಾಕಿದರು. ಅಪ್ಪ ಎಲ್ಲಿಡೋಣ ಅಂದದ್ದಕ್ಕೆ ಮೂಲೆಮನೆ ಚಿಕ್ಕವ್ವ, "ನಿಮ್ ಸಾಮಾನು, ನೀವು ಎಲ್ಲಿ ಬೇಕಾದ್ರೂ ಇಟ್ಕಳಿ ಭಾವ" ಅಂದಳು. ಕೊಪ್ಪರಿಗೆಗೆ ಕಲಾಯಿ ಹಾಕಿದವನು ಕೂಲಿ ಕೇಳಿದಾಗ ಬೀದಿ ಒಟ್ಟಾಗಿ ನಮ್ಮ ಬಾಗಿಲು ತೋರಿಸಿತು. ಇದು ಮೊದಲಿನಂತೆ ಎಲ್ಲರದೂ ಆಗಲಿ ಅಂತ ಅಪ್ಪ ಕೈಮುಗಿದು ಕೇಳಿಕೊಂಡ.

"ಗೌರ್ಮೆಂಟ್ ಸೀಲು ಬಿದ್ದದೆ ಕಣ್ಲಾ. ಅದ್ರ ಮ್ಯಾಲೆ ನಾವು ಮಾತಾಡಕಾಯ್ತದಾ?" ಅಂದರು ದೊಡ್ಡಪ್ಪ.

ಮೊದಲ ದೀಪಾವಳಿಗೆ ನಾನು ಗಂಡನ ಜೊತೆ ತವರಿಗೆ ಬಂದೆ. ನಾನು ಮಲಗುತ್ತಿದ್ದ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ಕೊಪ್ಪರಿಗೆ. ಅವ್ವ ನಮ್ಮಿಬ್ಬರಿಗೂ ಪಡಸಾಲೆಯಲ್ಲಿ, ಅಜ್ಜಿಯ ಪಕ್ಕ, ಹಾಸಿಗೆ ಹಾಸಿದಳು.