ಅಜ್ಜನ ಹೆಸರು ಕೆತ್ತಿಸಲು ಹೋದದ್ದು

ಹೊನ್ನಾವರದ ಹಳೆಯ ಜೈಲಿಗೆ ಅತ್ತೆಯನ್ನು ಕರೆದುಕೊಂಡು ಹೋಗಿದ್ದು ಒಂದೇ ಒಂದು ಮಾತು ಹೇಳುವುದಕ್ಕೆ. ಯುದ್ಧದ ವರ್ಷಗಳಲ್ಲಿ ಸ್ವಾತಂತ್ರ್ಯ ಚಳವಳಿಗೆ ಇಳಿದವರನ್ನು ಹಿಡಿದು ತಂದು ಕೂಡಿಹಾಕುತ್ತಿದ್ದ ಜಾಗ ಅದು. ಈಗ ಸುಣ್ಣ ಬಳಿದು, ಎದುರಿಗೆ ದಾಸವಾಳ ನೆಟ್ಟು ಸ್ಮಾರಕ ಮಾಡಿದ್ದಾರೆ. ಒಳಗಿದ್ದವರ ಹೆಸರುಗಳನ್ನು ಅಂಗಳದ ಕಲ್ಲಿನ ಮೇಲೆ ಕೆತ್ತುತ್ತಿದ್ದಾರೆ. ಅಜ್ಜನ ಹೆಸರು ಅದರಲ್ಲಿರಲಿಲ್ಲ. ಮನೆಯವರು ಯಾರಾದರೂ ಬಂದು ‘ಹೌದು, ಇದ್ದರು’ ಎಂದರೆ ಸಾಕು, ಸೇರಿಸುತ್ತೇವೆ ಎಂದು ಸಮಿತಿಯವರು ಫೋನಿನಲ್ಲಿ ಹೇಳಿದ್ದರು.

ಅಜ್ಜನ ಮಕ್ಕಳಲ್ಲಿ ಈಗ ಇರುವವಳು ಅತ್ತೆಯೊಬ್ಬಳೇ. ಆ ಕಾಲಕ್ಕೆ ಅವಳು ಕೈಗೂಸು. ಹಾಗಾಗಿ ಹೇಳಬೇಕಾದವನು ನಾನಾದೆ. ಚಿಕ್ಕಂದಿನಲ್ಲಿ ಅಜ್ಜ ನನ್ನ ಕೈಹಿಡಿದು ಅಲ್ಲಿಗೆ ಕರೆದೊಯ್ದು, ತಾನಿದ್ದ ಕೋಣೆಯನ್ನೂ ಅದರ ಕಿಟಕಿಯಿಂದ ಕಾಣುವ ಹೊಳೆಯನ್ನೂ ತೋರಿಸಿದ್ದ. ಇದನ್ನು ಮನೆಯಲ್ಲಿ ಎಷ್ಟೋ ಸಲ ಹೇಳಿದವನು ನಾನೇ.

ಅತ್ತೆಯ ಊರಾದ ಹೊಳನಗದ್ದೆಯಿಂದ ಕಾರಿನಲ್ಲಿ ಹೊರಟಾಗ ಅವಳು ಮದುವೆಗೆ ಹೊರಟವಳ ಹಾಗೆ ಇದ್ದಳು. ಕರ್ಕಿ ದಾಟುವಾಗ ಗಾಜು ಇಳಿಸಿ, “ಅಪ್ಪ ತಾಳಮದ್ದಳೆಗೆ ಬರೂದು ಇಲ್ಲಿಗೇ. ಅವನು ಅರ್ಥ ಹೇಳ್ಲಿಕ್ಕೆ ಕೂತ್ರೆ ಜನ ಎದ್ದು ಹೋಗ್ತಿರ್ಲಿಲ್ಲ, ತಿಳೀತಾ?” ಅಂದಳು.

“ಹೂಂ” ಅಂದೆ. ಅಜ್ಜ ಯಕ್ಷಗಾನದ ವೇಷ ಕಟ್ಟಿದವನಲ್ಲ, ಅರ್ಥಧಾರಿ. ಭಾಗವತರು ಪದ ಹಾಡಿ ನಿಲ್ಲಿಸಿದ ಮೇಲೆ, ಕುಳಿತಲ್ಲೇ, ಉಟ್ಟ ಪಂಚೆಯಲ್ಲೇ ರಾಜನಾಗಿ, ಋಷಿಯಾಗಿ ‘ನಾನು’ ಎಂದು ಮಾತಾಡುತ್ತಿದ್ದ. ಜೀವನವಿಡೀ ಅದೇ ಅವನ ಅಭ್ಯಾಸ.

ಜೈಲಿನ ಬಾಗಿಲಲ್ಲಿ ಸಮಿತಿಯ ಮಾಸ್ತರರು ಕಾಯುತ್ತಿದ್ದರು. ನಿವೃತ್ತರಾದರೂ ದನಿ ಇನ್ನೂ ತರಗತಿಯದೇ. ಇದ್ದದ್ದು ಮೂರು ಕೋಣೆ. ನಾನು ಮೂರನ್ನೂ ಹೊಕ್ಕು ಹೊರಬಂದೆ. ಹೊಳೆಯ ಕಡೆಗೆ ಒಂದಕ್ಕೂ ಕಿಟಕಿಯಿಲ್ಲ.

“ಮುಚ್ಚಿಬಿಟ್ಟಿದ್ದಾರಾ ಸರ್?”

“ಇಲ್ಲ. ಚಿರೇಕಲ್ಲಿನ ಗೋಡೆ, ಮೊದಲಿಂದಲೂ ಹೀಗೇ. ನಾವು ಸುಣ್ಣ ಬಿಟ್ರೆ ಬೇರೆ ಎಂತದೂ ಮುಟ್ಟಿಲ್ಲ.”

“ನಾನು ಚಿಕ್ಕವನಿದ್ದಾಗ ಬಂದಿದ್ದೆ.”

“ಹೌದಾ?” ಅವರು ನಕ್ಕರು. “ನೀವು ಚಿಕ್ಕವರಿದ್ದಾಗ ಇದು ಸಿಮೆಂಟಿನ ಗೋದಾಮು. ಈ ಊರಿನವನಾದ ನಾನೇ ಒಳಗೆ ಕಾಲಿಟ್ಟಿರ್ಲಿಲ್ಲ. ಬನ್ನಿ, ನಡುವಿನ ಕೋಣೆಯಲ್ಲಿ ಕೂತ್ಕೊಳ್ಳಿ. ಬಂದವರನ್ನೆಲ್ಲ ಒಂದು ನಿಮಿಷ ಒಳಗಿಟ್ಟು ಬಾಗಿಲು ಹಾಕ್ತೇವೆ. ಅನುಭವ ಆಗ್ಬೇಕಲ್ಲ.”

ಹೊರಗಿನಿಂದ ಅಗುಳಿ ಬಿತ್ತು. ಅಷ್ಟರಲ್ಲಿ ಅವರಿಗೆ ಫೋನು ಬಂತು. ಮಾತಾಡುತ್ತಾ ಅಂಗಳದ ಆಚೆಗೆ ಹೋದರು.

ಕತ್ತಲೆಯಲ್ಲಿ ಅತ್ತೆ ಕಟ್ಟೆಯನ್ನು ತಡವಿ ಕುಳಿತಳು. “ಅಪ್ಪನ್ನ ಬಿಟ್ಟ ಮೇಲೆ ನಮ್ಮನ್ನ ಹಿಡಿದ್ರು ನೋಡು” ಎಂದು ನಕ್ಕಳು. ಆಮೇಲೆ ಗೋಡೆಗೆ ಅಂಗೈಯಿಟ್ಟು, “ಅಪ್ಪ ಇದ್ದ ಕೋಣೆ ಯಾವುದೋ ತಮಾ? ಇದೇಯನಾ?” ಎಂದು ಕೇಳಿದಳು.

ಒಳಗೆ ಸೆಕೆ. ಬಾಗಿಲ ಸಂದಿಗೆ ಮುಖ ಕೊಟ್ಟರೂ ಗಾಳಿಯಿಲ್ಲ. ಧಾರವಾಡದಲ್ಲಿ ಇತಿಹಾಸ ಓದಿದವನು ನಾನು; ಸಾಕ್ಷಿಯನ್ನು ಹೇಗೆ ತೂಗಬೇಕು ಎಂದು ಬೇರೆಯವರಿಗೆ ಹೇಳಿದವನು. ಇಲ್ಲಿ ಸಾಕ್ಷಿ ನಾನೇ, ಮತ್ತು ನಾನು ಬರದೇ ಇದ್ದ ಕಡೆ ಬಂದೆನೆಂದು ಇಷ್ಟು ವರ್ಷ ಕಣ್ಣಾರೆ ಕಂಡಂತೆ ನೆನಪಿಟ್ಟುಕೊಂಡವನು.

“ಅತ್ತೇ, ಅಜ್ಜ ಹೇಳಿದ ಕಿಟಕಿ ಇಲ್ಲಿಲ್ಲ. ನಾನು ಬಂದದ್ದೂ ಸುಳ್ಳಿರಬೇಕು. ಅವನು ಹೇಳಿದ್ದನ್ನೇ ಕೇಳಿ ಕೇಳಿ…”

“ಇರ್ಲಿ. ಅವನು ಹೇಳಿದ್ದು ಖರೆಯಲ್ದಾ?”

“ಅದೇ ಗೊತ್ತಿಲ್ಲ. ಅರ್ಥ ಹೇಳಿ ಹೇಳಿ ರೂಢಿಯಾದವನು. ಜತೆಯವರು ಯಾರೋ ಜೈಲಿಗೆ ಹೋದದ್ದನ್ನು ‘ನಾನು’ ಅಂತ ಹೇಳಿದ್ದರೆ? ನಾವು ಅವನದ್ದೇ ಅಂತ ತಿಳಿದುಕೊಂಡಿದ್ದರೆ?”

ಅತ್ತೆ ಗೋಡೆಯಿಂದ ಕೈ ತೆಗೆದಳು. “ಈ ಕತೆ ಹೇಳುವಾಗ ಅಪ್ಪ ಅಳ್ತಿದ್ದ” ಅಂದಳು.

ಮಗನನ್ನು ಕಳೆದುಕೊಂಡ ರಾಜನ ಪಾತ್ರದಲ್ಲೂ ಅವನು ಅಳುತ್ತಿದ್ದ. ಅದು ನನಗೆ ನೆನಪಿದೆ. ಅಥವಾ ಅದನ್ನೂ ಯಾರೋ ಹೇಳಿದ್ದಾರೆ. ನಾನು ಬಾಗಿಲ ಸಂದಿಯ ಕಡೆಗೆ ತಿರುಗಿದೆ. ಆ ಅಳುವನ್ನೂ ನಾನು ನಂಬುತ್ತಿಲ್ಲವೆಂದು ಅವಳಿಗೆ ಅರ್ಥವಾಯಿತು.

“ಸಣ್ಣಿರುವಾಗ ಎಲ್ಲಾ ನಂಗೆ ಆಡ್ಕೊಂಡವರೇ. ನಿನ್ನಪ್ಪ ಮನೆ ಬಿಟ್ಟು ಓಡಿಹೋಗಿದ್ದ, ಜೈಲೂ ಇಲ್ಲ ಎಂತದೂ ಇಲ್ಲ ಅಂತ. ಕಲ್ಲಿನ ಮೇಲೆ ಬಂದ್ರೆ ಒಂದು ಸಲ ಎಲ್ಲರಿಗೂ ತೋರಿಸೂದು ಅಂತ ಇದ್ದೆ” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಬಾಗಿಲು ತೆರೆಯಿತು. “ಅಯ್ಯೋ, ಮರೆತೇಬಿಟ್ಟೆ” ಎನ್ನುತ್ತಾ ಮಾಸ್ತರರು ಬೆಳಕಿನಲ್ಲಿ ನಿಂತಿದ್ದರು. “ಹ್ಞಾಂ, ಹೇಳಿ. ಇದ್ದರಲ್ಲ?”

ಅತ್ತೆ ನನ್ನ ಮುಖ ನೋಡಿದಳು.

“ಅಜ್ಜ ಹೇಳಿದ್ದನ್ನು ಕೇಳಿದ್ದೇನೆ. ಅಷ್ಟೇ.”

“ಅಷ್ಟು ಸಾಕು. ಉಳಿದವರೂ ಕೇಳಿದ್ದನ್ನೇ ಹೇಳಿದ್ದು” ಎಂದು ಅವರು ಕಲ್ಲಿನ ಕಡೆಗೆ ಹೊರಟರು. ನನ್ನ ಎದೆ ಹಗುರವಾಯಿತು. ಸುಳ್ಳನ್ನೂ ಹೇಳಲಿಲ್ಲ, ಹೆಸರೂ ಬರುತ್ತದೆ.

“ಬರೀಬೇಡಿ ಮಾಸ್ತರ್ರೇ” ಅಂದಳು ಅತ್ತೆ. “ಇವ ಹೌದು ಅಂತ ಹೇಳೂ ತನಕ ಬೇಡ. ಊರಿನವರು ಅನುಮಾನ ಮಾಡಿದ್ದು ಸಾಕು. ಇನ್ನು ಮನೆಯವರ ಅನುಮಾನನೂ ಹೊತ್ತು ಅಪ್ಪ ಕಲ್ಲಿನ ಮೇಲೆ ಕೂರೂದು ಬೇಡ.”

“ಅತ್ತೇ, ಅವರು ಬರೀತೇನೆ ಅಂದ್ರಲ್ಲ!”

“ನೀನು ಹೇಳು, ಬರೀಲಿ.”

ಬಾಯಿ ತೆರೆದೆ. ಒಂದೇ ಮಾತು. ಬರಲಿಲ್ಲ.

“ಆತು, ನಡಿ. ಬಿಸಿಲು ಏರ್ತು” ಎಂದು ಅವಳೇ ಮೊದಲು ಮೆಟ್ಟಿಲಿಳಿದಳು.

ಮಳೆ ಹಿಡಿಯುವುದರೊಳಗೆ ಕಲ್ಲಿನ ಕೆಲಸ ಮುಗಿಸುತ್ತೇವೆ ಎಂದು ಮಾಸ್ತರರು ಮತ್ತೆರಡು ಸಲ ಫೋನು ಮಾಡಿದ್ದಾರೆ. ಹೊಳನಗದ್ದೆಗೆ ಹೋದಾಗ ಅತ್ತೆ ಎಂದಿನಂತೆ ಚಾ ಕೊಡುತ್ತಾಳೆ, ಯಾರ ಮನೆಯಲ್ಲಿ ಮದುವೆ, ಯಾರ ಎಮ್ಮೆ ಕರು ಹಾಕಿತು ಎಂದು ಹೇಳುತ್ತಾಳೆ. ಆ ವಿಷಯ ಎತ್ತುವುದಿಲ್ಲ. ಲೋಟ ಖಾಲಿಯಾದ ಮೇಲೂ ನಾನು ಕುಳಿತೇ ಇರುತ್ತೇನೆ. ಹೌದು ಎನ್ನಲಾರೆ, ಎದ್ದು ಬರಲೂ ಆಗುವುದಿಲ್ಲ. “ಇನ್ನೊಂಚೂರು ಚಾ ಹಾಕ್ಲಾ?” ಎನ್ನುತ್ತಾಳೆ ಅವಳು.