ಬುಟ್ಟಿ ಅಜ್ಜಿಯ ದಾನಪತ್ರ

ನನ್ನನ್ನು ಹಟಮಾರಿ ಎನ್ನುವವರು ಇಳಕಲ್ಲಿನಲ್ಲಿ ಒಂದು ಓಣಿ ತುಂಬ ಇದ್ದಾರೆ. ಹುನಗುಂದದಲ್ಲಿ ಇನ್ನೊಂದು ಓಣಿ. ಅಣ್ಣ ಕೈಯೆತ್ತಿ ಕೊಟ್ಟದ್ದನ್ನು ತಂಗಿ ಬೇಡವೆಂದಳು, ಅದೂ ವಕೀಲರ ಮೇಜಿನ ಮುಂದೆ ನಿಂತು ಬೇಡವೆಂದಳು ಎಂಬುದು ಅವರ ದೂರು. ಅವನು ಕೊಟ್ಟದ್ದು ಏನು, ಅದು ಮೊದಲು ಯಾರದಾಗಿತ್ತು ಎಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಮ್ಮದು ನೇಕಾರರ ಮನೆ. ಅಪ್ಪ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ನೂಲು ಸುತ್ತಿ ಕೊಡುವುದು ಅವ್ವನ ಕೆಲಸ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆ ಸೇರಿಸಿ ಒಂದೊಂದಾಗಿ ಕೊಂಡಿ ಹಾಕುವುದು ಅವ್ವ ಮತ್ತು ನಾನು. ಕಣ್ಣು ಉರಿಯುವ ಕೆಲಸ ಅದು. ಇಷ್ಟಾಗಿ ಸೀರೆ ಅಂಗಡಿಗೆ ಹೋದರೆ ಅದು ಅಪ್ಪನ ಸೀರೆ. ಯಾರ ಮನೆಯದು ಎಂದು ಕೇಳುತ್ತಾರೆಯೇ ಹೊರತು ಯಾರ ಕೈಯದು ಎಂದು ಕೇಳುವ ಪದ್ಧತಿಯೇ ನಮ್ಮಲ್ಲಿ ಇಲ್ಲ. ಅದರಲ್ಲಿ ತಪ್ಪೇನಾದರೂ ಇದೆ ಎಂದು ಆಗ ನನಗೂ ಅನಿಸಿರಲಿಲ್ಲ.

ಅಂಚಿನ ನಕ್ಷೆ ಬರೆಯಲು ಅಪ್ಪ ಚೌಕಳಿ ಕಾಗದ ತಂದಿಡುತ್ತಿದ್ದ. ನಕ್ಷೆ ಕೆಟ್ಟ ಹಾಳೆಗಳ ಬೆನ್ನಿಗೆ ನಾನು ಚಿತ್ರ ಬರೆಯುತ್ತಿದ್ದೆ. ಒಮ್ಮೆ ಬನಶಂಕರಿಗೆ ಹೋದಾಗ, ಅಲ್ಲಿ ಬುಟ್ಟಿ ಹೊತ್ತು ರೊಟ್ಟಿ ಪುಂಡಿಪಲ್ಯ ಮೊಸರು ಮಾರುತ್ತಾರಲ್ಲ, ಅಂಥ ಒಬ್ಬ ಮುದುಕಿಯನ್ನು ಕಂಡೆ. ಪೇಟೆಯ ಕಡೆಯ ಗಂಡಸೊಬ್ಬ ಗಡಿಗೆಯ ಮೊಸರನ್ನೆಲ್ಲ ಕುಡಿದು, ಆಮೇಲೆ ಹುಳಿಯಾಗಿತ್ತು ಎಂದ. ಮುದುಕಿ ಬುಟ್ಟಿ ಕೆಳಗಿಟ್ಟು, ಸೆರಗು ಬಿಗಿದು, 'ಹುಳಿ ಅನ್ನೂದು ನಿನ್ನ ನಾಲಿಗಿಗೆ ತಳಾ ಕಂಡಮ್ಯಾಲೆ ತಿಳೀತೇನಪಾ' ಎಂದಳು. ಸುತ್ತ ಇದ್ದವರೆಲ್ಲ ನಕ್ಕರು. ಮನೆಗೆ ಬಂದವಳೇ ನಾನು ಆಕೆಯನ್ನು ಬರೆದೆ.

ಹಾಗೆ ಹುಟ್ಟಿದವಳು ಬುಟ್ಟಿ ಅಜ್ಜಿ. ಕೆಂಪು ಬಸ್ಸಿನಲ್ಲಿ ಊರೂರು ತಿರುಗುತ್ತಾಳೆ. ಎಲ್ಲಿ ಅನ್ಯಾಯ ಕಂಡರೂ ತಲೆಯ ಮೇಲಿನ ಬುಟ್ಟಿ ಕೆಳಗಿಳಿಸುತ್ತಾಳೆ. ಇಳಿಸಿದಳೆಂದರೆ ಎದುರಿನವನ ಕಥೆ ಮುಗಿಯಿತು. ಹೆಂಗಸರ ಸೀಟಿನಲ್ಲಿ ಕುಳಿತು ನಿದ್ದೆ ಬಂದಂತೆ ನಟಿಸುವವನು, ಸಂತೆಯಲ್ಲಿ ತೂಕ ಹೊಡೆಯುವವನು, ಸಾಲೆಯ ಹುಡುಗಿಯರಿಂದ ತನ್ನ ಮನೆಗೆ ನೀರು ಹೊರಿಸುವ ಶಿರೂರಿನ ಕಡೆಯ ಮಾಸ್ತರ, ಎಲ್ಲರೂ ಆಕೆಯ ಕೈಗೆ ಸಿಕ್ಕು ಹಣ್ಣಾದರು. ಇಪ್ಪತ್ತನಾಲ್ಕು ಹಾಳೆಗಳಲ್ಲಿ ಮೊದಲ ಕಥೆ ಮುಗಿಸಿದೆ.

ತೊಂಬತ್ತರ ದಶಕದ ಕೊನೆ. ಬಾಗಲಕೋಟೆಯ ಹಳೇ ಊರಿನಲ್ಲಿ ಒಬ್ಬ ಹಿರಿಯರು ಮದುವೆ ಪತ್ರಿಕೆ, ತೂಗುಪಂಚಾಂಗಗಳ ಜೊತೆಗೆ ಮಕ್ಕಳ ಚಿತ್ರಕಥೆ ಪುಸ್ತಕಗಳನ್ನೂ ಅಚ್ಚು ಹಾಕುತ್ತಿದ್ದರು. ಅವರು ಹೊಸದಾಗಿ 'ಬರೆದವರ ಮಾಲೆ' ಎಂದು ಒಂದು ಸಾಲು ಪುಸ್ತಕ ಶುರುಮಾಡಿದ್ದರು. ದೊಡ್ಡ ಪ್ರಕಾಶಕರು ಚಿತ್ರಗಾರನ ಕೈಗೆ ಒಮ್ಮೆ ದುಡ್ಡಿಟ್ಟು ಪಾತ್ರವನ್ನೇ ತಮ್ಮದು ಮಾಡಿಕೊಳ್ಳುತ್ತಾರೆ, ನಾಳೆ ಬೇರೆಯವರಿಂದ ಬರೆಸುತ್ತಾರೆ, ಹುಟ್ಟಿಸಿದವನು ಬಾಯಿ ಬಿಡುವಂತಿಲ್ಲ ಎಂಬುದು ಅವರ ಸಿಟ್ಟು. ಅದಕ್ಕೇ ಈ ಮಾಲೆಯ ಪ್ರತಿ ಪುಸ್ತಕದ ಬೆನ್ನಿಗೆ ಅಚ್ಚಾಗುತ್ತಿತ್ತು: 'ಇಲ್ಲಿಯ ಕಥೆ, ಚಿತ್ರ, ಪಾತ್ರ ಎಲ್ಲವೂ ಬರೆದವರ ಸೊತ್ತು. ನಾವು ಅಚ್ಚು ಹಾಕುವವರು ಮಾತ್ರ.' ಎಷ್ಟು ಒಳ್ಳೆಯ ಮಾತು. ಆ ಒಳ್ಳೆಯ ಮಾತೇ ನನ್ನ ಕುತ್ತಿಗೆಗೆ ಬಂತು.

ಅಣ್ಣ ಸೀರೆಗಳನ್ನು ಬಾಗಲಕೋಟೆಯ ಅಂಗಡಿಗಳಿಗೆ ಮುಟ್ಟಿಸುತ್ತಿದ್ದ. ಹೋಗುವಾಗ ನನ್ನ ಹಾಳೆಗಳನ್ನೂ ಒಯ್ದ. ಹಿರಿಯರು ಓದಿ ನಕ್ಕು ಒಪ್ಪಿದರಂತೆ. ಎರಡು ತಿಂಗಳಿಗೆ ಪುಸ್ತಕ ಬಂತು. ಮುಖಪುಟದಲ್ಲಿ ನನ್ನ ಅಜ್ಜಿ, ಕೆಳಗೆ ಕಥೆ ಮತ್ತು ಚಿತ್ರ ಎಂದು ಅಣ್ಣನ ಹೆಸರು. ನಾನು ಅವನ ಮುಖ ನೋಡಿದೆ.

'ಫಾರ್ಮು ಕೊಟ್ಟು, ಬರದವರು ಇಲ್ಲಿ ಸಹಿ ಮಾಡ್ರಿ ಅಂದ್ರು, ಮಾಡಿದೆ,' ಎಂದ ಅಣ್ಣ. 'ನಿನ್ನ ಕರಕೊಂಡ ಮತ್ತ ಹೋಗೂದೇನು? ಸೀರಿ ಕೊಟ್ಟಾಗರೆ ಯಾರ ಹೆಸರ ಹೇಳ್ತೀವಿ? ಮನೀದು ಅಂದ್ರ ಆತು.'

ಅವ್ವ ಎಲ್ಲರ ಬಾಯಿಗೆ ಸಕ್ಕರೆ ಹಾಕಿದಳು. ನನ್ನ ಬಾಯಿಗೂ ಹಾಕಿದಳು, ನಾನೂ ತಿಂದೆ. ಆ ಸಕ್ಕರೆ ತಿಂದದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಂದೇ ಬಾಯಿ ತೆರೆದಿದ್ದರೆ ಒಂದು ಗೆರೆ ಹೊಡೆದು ಹೆಸರು ತಿದ್ದಿಸಬಹುದಿತ್ತು. ಆದರೆ ಅಚ್ಚಾದ ಅಜ್ಜಿಯನ್ನು ನೋಡಿದ ಸಂತೋಷದಲ್ಲಿ ನನಗೆ ಹೆಸರು ಸಣ್ಣದಾಗಿ ಕಂಡಿತು.

ಅದೇ ವರ್ಷ ನನ್ನನ್ನು ಹುನಗುಂದಕ್ಕೆ ಕೊಟ್ಟರು. ಗಂಡ ಒಬ್ಬ ವಕೀಲರ ಕೈಕೆಳಗೆ ಗುಮಾಸ್ತ. ಒಳ್ಳೆಯ ಮನುಷ್ಯ, ಯಾರ ಕೂಡಲೂ ಜಗಳ ಬೇಡ ಎನ್ನುವುದೊಂದೇ ಅವನ ದೋಷ. ಮಧ್ಯಾಹ್ನ ಪಾತ್ರೆ ತೊಳೆದಿಟ್ಟು ಬಾಗಿಲ ಬಳಿಯ ಬೆಳಕಿನಲ್ಲಿ ಕುಳಿತು ಬರೆಯುತ್ತಿದ್ದೆ. ಹಾಳೆಗಳು ಬಸ್ಸಿನಲ್ಲಿ ಇಳಕಲ್ಲಿಗೆ, ಅಲ್ಲಿಂದ ಅಣ್ಣನ ಚೀಲದಲ್ಲಿ ಬಾಗಲಕೋಟೆಗೆ. ಹೀಗೆ ಏಳು ಪುಸ್ತಕಗಳಾದವು. ಬಂದ ಹಣದಲ್ಲಿ ಅಣ್ಣ ನನಗೆ ಸರಿಯಾಗಿಯೇ ಪಾಲು ಕೊಡುತ್ತಿದ್ದ, ಅದರಲ್ಲಿ ತಪ್ಪು ಹೇಳಲಾರೆ. ನನ್ನ ಜಗಳ ಹಣದ್ದಲ್ಲ.

ಬಾದಾಮಿಯ ಒಂದು ಸಾಲೆಯವರು ಅಣ್ಣನಿಗೆ ಸನ್ಮಾನ ಇಟ್ಟುಕೊಂಡರು. ಮನೆಯವರೆಲ್ಲ ಹೋದೆವು. ಅವನಿಗೆ ಶಾಲು ಹೊದಿಸಿ, ಹಾರ ಹಾಕಿ, ಮಾತಾಡಿರಿ ಎಂದರು. ಹೆಂಗಸರ ಸಾಲಿನಲ್ಲಿ ಕುಳಿತು ನಾನು ಕೇಳಿದೆ. ಮುಂಜಾನೆ ಎದ್ದು ಸ್ನಾನ ಮಾಡಿ, ದೇವರಿಗೆ ಕೈಮುಗಿದೇ ತಾನು ಪೆನ್ಸಿಲ್ ಹಿಡಿಯುವುದಂತೆ. ಅಜ್ಜಿ ಕನಸಿನಲ್ಲಿ ಬಂದು ತನ್ನ ಕೂಡ ಮಾತಾಡುತ್ತಾಳಂತೆ. ಒಬ್ಬ ಹುಡುಗಿ ಎದ್ದು, ಅಜ್ಜಿಯ ಸೀರೆಯ ಸೆರಗನ್ನು ಅಷ್ಟು ಚೆನ್ನಾಗಿ ಹೇಗೆ ಬರೆಯುತ್ತೀರಿ ಎಂದು ಕೇಳಿದಳು. ಅಣ್ಣ ನಮ್ಮ ಕಡೆ ಕೈ ಮಾಡಿ, 'ಮನ್ಯಾಗ ಹೆಣ್ಮಕ್ಕಳು ಅದಾರಲ್ಲ, ಅಷ್ಟಿಷ್ಟು ಸಹಾಯ ಮಾಡ್ತಾರ' ಎಂದ. ಅವ್ವ ಹೆಮ್ಮೆಯಿಂದ ನನ್ನ ತೊಡೆ ಚಿವುಟಿದಳು.

ಅಷ್ಟಿಷ್ಟು. ಅವನು ಫಾರ್ಮಿನಲ್ಲಿ ಸಹಿ ಮಾಡಿದ್ದು ರೂಢಿಯಿಂದ, ಅದನ್ನು ನಾನು ಕ್ಷಮಿಸಬಲ್ಲೆ. ಕನಸು ಕಂಡೆ ಎಂದದ್ದನ್ನು ಹೇಗೆ ಕ್ಷಮಿಸಲಿ? ನನ್ನ ಕನಸಿಗೂ ಅವನು ಸಹಿ ಹಾಕಿದ.

ಎಂಟನೆಯ ಕಥೆಯ ಹಾಳೆಗಳನ್ನು ಹಿಡಿದು ನಾನೇ ಬಾಗಲಕೋಟೆಗೆ ಹೋದೆ. ಹಳೇ ಊರಿಗೆ ಅಣೆಕಟ್ಟಿನ ಹಿನ್ನೀರು ಬರುತ್ತದೆಂದು ಹಿರಿಯರು ಆಗಲೇ ನವನಗರಕ್ಕೆ ಅಚ್ಚಿನ ಯಂತ್ರ ಸಾಗಿಸಿದ್ದರು. ಬರೆದವಳು ನಾನು ಎಂದೆ. ಅವರು ಹಾಳೆ ನೋಡಿದರು, ನನ್ನ ಬೆರಳಿನ ಮಸಿ ನೋಡಿದರು. ಆಮೇಲೆ ಕಪಾಟಿನಿಂದ ಆ ಹಳೆಯ ಫಾರ್ಮು ತೆಗೆದು ಮುಂದಿಟ್ಟರು.

'ನೀ ಹೇಳೂದು ಖರೆ ಅಂತ ನನಗ ತಿಳೀತು, ತಂಗಿ. ಆದ್ರ ಇಲ್ಲಿ ಸಹಿ ನಿಮ್ಮಣ್ಣಂದು ಐತಿ. ಸಹಿ ಮಾಡಿದವರ ಕಡಿಂದ ಪಾತ್ರ ಕಸ್ಕೊಂಡ ಇನ್ನೊಬ್ರಿಗೆ ಕೊಟ್ರ ನಾ ಯಾವ ಮಾತಿಗೆ ಈ ಮಾಲಿ ಕಟ್ಟೇನಿ? ನಿಮ್ಮಣ್ಣ ಒಂದ ಸಾಲು ಬರದ ಕೊಡ್ಲಿ, ಬರದಾಕಿ ನನ್ನ ತಂಗಿ ಅಂತ. ನಾಳಿಂದ ನಿನ್ನ ಹೆಸರ ಹಾಕ್ತೇನಿ.'

ಮೋಸಗಾರನಾಗಿದ್ದರೆ ಬೈದು ಬರಬಹುದಿತ್ತು. ಆ ಮನುಷ್ಯ ನಿಯತ್ತಿನವರು, ಬೈಯಲೂ ಆಗಲಿಲ್ಲ. ಹಾಳೆಗಳನ್ನು ಮಡಿಚಿಕೊಂಡು ಇಳಕಲ್ಲಿಗೆ ಬಂದೆ. ಒಂದೇ ಒಂದು ಸಾಲು ಬರೆದುಕೊಡು ಎಂದು ಅಣ್ಣನನ್ನು ಕೇಳಿದೆ. ಅವನು ಬೇಡವೆನ್ನಲಿಲ್ಲ. ನಗುತ್ತಲೇ, 'ಆತ ಬಿಡವಾ, ನಿನ್ನ ಹೆಸರಿಗೆ ಮಾಡಿ ಕೊಡ್ತೇನಿ, ಹುನಗುಂದಕ್ಕ ಬರ್ತೇನಿ' ಎಂದ. ನನಗೆ ಕಣ್ಣು ತುಂಬಿ ಬಂತು. ಎಷ್ಟೆಂದರೂ ಅಣ್ಣ ಅಂದುಕೊಂಡೆ.

ನನ್ನ ಗಂಡ ದುಡಿಯುವ ವಕೀಲರ ಆಫೀಸಿನಲ್ಲಿ ಎಲ್ಲರೂ ಕೂಡಿದೆವು. ಅಣ್ಣ, ಅವ್ವ, ಅಪ್ಪ. ಅವ್ವ ಒಂದು ಹೊಸ ಕುಬಸದ ಕಣ, ಕೊಬ್ಬರಿ ಬಟ್ಟಲು ತಂದಿದ್ದಳು. ಏಕೆಂದು ತಿಳಿಯಲಿಲ್ಲ. ಛಾಪಾ ಕಾಗದ ನನ್ನ ಕೈಗೆ ಬಂದ ಮೇಲೆ ತಿಳಿಯಿತು. ಮೇಲೆ ದಪ್ಪಕ್ಷರದಲ್ಲಿ 'ದಾನಪತ್ರ' ಎಂದಿತ್ತು. ಹೊಲ ಮನೆ ಬರೆಯುವ ಮಾದರಿಯನ್ನೇ ಹಿಡಿದು ಟೈಪು ಮಾಡಿದ್ದರು. 'ಬುಟ್ಟಿ ಅಜ್ಜಿ ಎಂಬ ಸದರಿ ಪಾತ್ರವು ನಾನು ಸ್ವತಃ ರಚಿಸಿದ ನನ್ನ ಸ್ವಯಾರ್ಜಿತ ಸೊತ್ತಾಗಿದ್ದು, ನನ್ನ ತಂಗಿಯ ಮೇಲಿನ ಪ್ರೀತಿ ವಿಶ್ವಾಸದಿಂದ ಸದರಿಯವಳಿಗೆ ದಾನವಾಗಿ ಕೊಟ್ಟಿರುತ್ತೇನೆ.' ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ ಎಂಬಲ್ಲಿ ಗೆರೆ ಎಳೆದು ಬಿಟ್ಟಿದ್ದರು. ಕೆಳಗೆ 'ದಾನ ಪಡೆದವರ ಸಹಿ' ಎಂದು ನನಗೆ ಜಾಗ.

'ಅಣ್ಣಾ, ಇದು ಅಲ್ಲ. ಬರದಾಕಿ ನಾ ಅಂತ ಬರಿ,' ಎಂದೆ.

'ಹಂಗ ಬರದ್ರ ನಾ ಇಷ್ಟ ದಿನ ಸುಳ್ಳ ಹೇಳೇನಿ ಅಂತ ಆಗೂದಿಲ್ಲೇನು? ಬಾದಾಮ್ಯಾಗ ಶಾಲು ಹೊದಿಸ್ಯಾರ. ಮಂದಿ ಮುಂದ ಹೆಂಗ ಮಾರಿ ತೋರಿಸ್ಲಿ? ನಿನಗ ಅಜ್ಜಿ ಬೇಕ, ಅಜ್ಜಿ ಸಿಕ್ಕಳು. ಇನ್ನೇನ ಬೇಕು?'

ನನ್ನ ಗಂಡ ಕಿವಿಯ ಹತ್ತಿರ ಬಂದು, 'ಹೆಂಗರೆ ಬರ್ಲಿ, ಬಂದ್ರ ಸಾಕಲ್ಲ' ಎಂದ. ಅವ್ವ ಆಗಲೇ ಕುಂಕುಮದ ಭರಣಿ ಬಿಚ್ಚಿದ್ದಳು, ಉಡಿ ತುಂಬಲು. ನಾನು ಹೆತ್ತ ಕೂಸನ್ನು ನನಗೇ ತವರಿನ ಉಡುಗೊರೆ ಮಾಡಿ ಕೊಡಲು ಬಂದಿದ್ದರು, ನಾನು ಸೆರಗೊಡ್ಡಿ ತಕ್ಕೊಂಡು ಕಾಲಿಗೆ ಬೀಳಬೇಕಿತ್ತು. ಸಹಿ ಮಾಡಿದರೆ ಅಜ್ಜಿ ನನ್ನವಳಾಗುತ್ತಿದ್ದಳು, ನಿಜ. ಆದರೆ ಆಕೆಯನ್ನು ಹುಟ್ಟಿಸಿದವನು ಅಣ್ಣ ಎಂದು ನಾನೇ ನನ್ನ ಕೈಯಿಂದ ಬರೆದುಕೊಟ್ಟಂತೆ. ಅವನ ಸುಳ್ಳಿಗೆ ಅಲ್ಲಿಯವರೆಗೆ ಒಂದೇ ಸಹಿ ಇತ್ತು. ಎರಡನೆಯದನ್ನು ನಾನು ಹಾಕಲಿಲ್ಲ.

'ನಂದನ್ನ ನನಗ ದಾನಾ ಕೊಡಾಕ ನೀ ಯಾರು?' ಎಂದೆ. ಪೆನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ. ಹಿಂದಿನಿಂದ ಅಪ್ಪ, 'ಹೆಣ್ಣಿಗೆ ಇಷ್ಟ ಸೊಕ್ಕ ಇರಬಾರ್ದು' ಎನ್ನುವುದು ಕೇಳಿಸಿತು. ಮಗ್ಗದ ಮುಂದೆ ನಾನು ಹಾಕಿಕೊಟ್ಟ ಸಾವಿರಾರು ಕೊಂಡಿಗಳ ಮೇಲೆ ಸೀರೆ ನೇಯ್ದ ಅಪ್ಪ.

ಬುಟ್ಟಿ ಅಜ್ಜಿ ಅಲ್ಲಿಗೆ ನಿಂತಳು. ಸೊತ್ತಿನ ಒಡೆಯ ಅಣ್ಣ, ಅವನಿಗೆ ಬರೆಯಲು ಬಾರದು. ಬರೆಯುವವಳು ನಾನು, ನನಗೆ ಹಕ್ಕಿಲ್ಲ. ಬೇರೆ ಯಾರಿಂದಲೋ ಬರೆಸಿ ಒಯ್ದನಂತೆ. ಹಿರಿಯರು ಹಾಳೆ ನೋಡಿ, ಇದು ಆ ಕೈಯಲ್ಲ ಎಂದು ಹಿಂದಕ್ಕೆ ಕೊಟ್ಟರಂತೆ. ಎಂಟನೆಯ ಕಥೆ ನನ್ನ ಟ್ರಂಕಿನಲ್ಲಿ ಹಾಗೇ ಇದೆ. ವರ್ಷಗಳಾದ ಮೇಲೆ ಮಾತುಕತೆ ಮತ್ತೆ ಶುರುವಾಯಿತು, ನಾಗರಪಂಚಮಿಗೆ ಹೋಗಿ ಬರುವುದೂ ಆಯಿತು. ಆ ವಿಷಯ ಮಾತ್ರ ಯಾರೂ ಎತ್ತುತ್ತಿರಲಿಲ್ಲ.

ಒಮ್ಮೆ ಅಣ್ಣ ಕೆಲಸವಿದೆಯೆಂದು ಹುನಗುಂದಕ್ಕೆ ಬಂದವನು ಮಗಳನ್ನೂ ಕರೆದುಕೊಂಡು ಮನೆಗೆ ಬಂದ. ಎರಡನೆಯ ಇಯತ್ತೆಯ ಹುಡುಗಿ, ಚುರುಕು. ಚಹಾ ಕೊಟ್ಟೆ. ಹುಡುಗಿ ಪಾಟೀಚೀಲದಿಂದ ನೋಟುಬುಕ್ಕು ತೆಗೆದು ನನ್ನ ಮುಂದಿಟ್ಟಳು.

'ಅತ್ತೀ, ಬುಟ್ಟಿ ಅಜ್ಜಿ ಚಿತ್ರಾ ತಗದ ಕೊಡು. ಅಪ್ಪಗ ಕೇಳಿದ್ರ ಕೈ ನೋಯ್ತಾವ ಅಂತಾನ.'

ನಾನು ಅಣ್ಣನ ಕಡೆ ನೋಡಿದೆ. ಅವನು ಬಸಿಗೆ ಚಹಾ ಸುರಿಯುತ್ತ ಮಗಳಿಗೆ, 'ತಗದ ಕೊಡ್ತಾಳ. ಪುಸ್ತಕ ನೋಡಿ ತಗಿಯೂದ್ರಾಗ ನಿಮ್ಮತ್ತಿ ಕೈ ಛಲೋ ಐತಿ' ಎಂದ.

ಬರೆದೆ. ಎಷ್ಟೋ ವರ್ಷಗಳ ನಂತರ ಬರೆದೆ, ಕೈ ಒಂದು ಕಡೆಯೂ ತಪ್ಪಲಿಲ್ಲ. ಮುಗಿಸಿ, ಕೆಳಗೆ ನನ್ನ ಹೆಸರು ಬರೆದೆ. ಆಕೆಯ ಕೆಳಗೆ ನನ್ನ ಹೆಸರನ್ನು ನಾನು ಬರೆದದ್ದು ಅದೇ ಮೊದಲು. ಹುಡುಗಿ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಹುಬ್ಬು ಗಂಟಿಕ್ಕಿದಳು.

'ಅತ್ತೀ, ತಪ್ಪ ಬರದೀ. ಇಲ್ಲಿ ಅಪ್ಪನ ಹೆಸರ ಇರತೈತಿ,' ಎಂದು ಕಂಪಾಸು ಪೆಟ್ಟಿಗೆಯಿಂದ ರಬ್ಬರು ತೆಗೆದು ನನ್ನ ಕೈಗಿಟ್ಟಳು.

ಅಣ್ಣನ ಬಾಯಿಂದ ಒಂದು ಮಾತು ಬಂದಿದ್ದರೆ ಸಾಕಿತ್ತು. ಛಾಪಾ ಕಾಗದ ಬೇಕಿರಲಿಲ್ಲ, ವಕೀಲರು ಬೇಕಿರಲಿಲ್ಲ. ಏಳು ವರ್ಷದ ಒಂದು ಹುಡುಗಿಯ ಮುಂದೆ ಒಂದು ಮಾತು. ಕಾದೆ. ಅವನು ಬಸಿಯಲ್ಲಿದ್ದ ಚಹಾ ಕುಡಿದು ಮುಗಿಸಿ, ಇಳಕಲ್ ಬಸ್ಸಿಗೆ ಹೊತ್ತಾಯಿತೆಂದು ಮಗಳ ಕೈ ಹಿಡಿದು ಎದ್ದ.