ಲಿಫ್ಟ್ ಗುಂಡಿಯ ಮೇಲೆ ಹಾಸಿದ ಕಂಬಳಿ

ನಕ್ಷೆಯಲ್ಲಿ ನಮ್ಮ ಹಾಲ್‌ಗೆ ದೊಡ್ಡ ಕಿಟಕಿ ಇತ್ತು. ಅದರಿಂದ ಜೋಗಿಮಟ್ಟಿ ಬೆಟ್ಟ ಕಾಣಬೇಕಿತ್ತು. ನಾನು ಫ್ಲ್ಯಾಟ್ ಒಪ್ಪಿಕೊಂಡಿದ್ದೇ ಆ ಕಿಟಕಿಗಾಗಿ. ಕಟ್ಟಡ ನಮ್ಮ ಮೂರನೇ ಮಹಡಿಗೆ ಏರುವ ಹೊತ್ತಿಗೆ ಆ ಜಾಗಕ್ಕೆ ಲಿಫ್ಟ್ ಬಂದಿತ್ತು. ಕಿಟಕಿಯನ್ನು ಪಕ್ಕದ ಗೋಡೆಗೆ ಸರಿಸಿದ್ದರು. ಈಗ ಕಾಣುವುದು ಪಕ್ಕದ ಮನೆಯ ಬಚ್ಚಲಿನ ಪೈಪು. ಅಡುಗೆಮನೆಯ ಬಾಗಿಲು ತೆಗೆದರೆ ಮುಂಬಾಗಿಲಿಗೆ ಬಡಿಯುತ್ತದೆ. ಇಷ್ಟು ದಡ್ಡ ಮನೆ ಅನಕ್ಷರಸ್ಥರಿಂದ ಸಾಧ್ಯವಿಲ್ಲ, ಓದಿದವರೇ ಬೇಕು.

ಪ್ರತಿ ಭಾನುವಾರ ಹೋಗಿ ಜಗಳವಾಡುತ್ತಿದ್ದೆ. ಹಾಗೆ ಹೋದಾಗಲೇ ಗುಂಡಿ ಕಣ್ಣಿಗೆ ಬಿದ್ದದ್ದು. ಲಿಫ್ಟ್‌ಗೆಂದು ಬಿಟ್ಟ ಜಾಗ ಮೇಲಿಂದ ತಳದವರೆಗೆ ಬಾಯಿ ತೆರೆದಿತ್ತು, ಅಡ್ಡಲಾಗಿ ಒಂದು ಹಗ್ಗವೂ ಇರಲಿಲ್ಲ. ತಲೆ ಮೇಲೆ ಇಟ್ಟಿಗೆ ಹೊತ್ತ ಹೆಂಗಸರು ಹವಾಯಿ ಚಪ್ಪಲಿಯಲ್ಲಿ ಅದರ ಅಂಚಿನಲ್ಲೇ ಓಡಾಡುತ್ತಿದ್ದರು.

"ಕಿಟಕಿ ಹಾಳಾಗ್ಲಿ, ಮೊದ್ಲು ಈ ಗುಂಡಿ ಮುಚ್ಚಿಸ್ರಿ" ಅಂದೆ ಸೈಟ್ ಇಂಜಿನಿಯರ್‌ಗೆ.

ಮುಚ್ಚಿಸಿದ, ಒಂದು ತೆಳು ಪ್ಲೈವುಡ್ ಹಲಗೆಯಿಂದ. ವಾರದಲ್ಲಿ ಅದರ ಮೇಲೆ ಸಿಮೆಂಟ್ ಧೂಳು ಕೂತು ನೆಲದ ಬಣ್ಣವೇ ಬಂತು. ತೆರೆದಿದ್ದಾಗ ಗುಂಡಿ ಕಾಣುವುದಾದರೂ ಕಾಣುತ್ತಿತ್ತು, ಈಗ ಅದೂ ಇಲ್ಲ. ಅದನ್ನೂ ಹೇಳಿದೆ. "ನೀವು ಭಾಳ ಹೆದರ್ತೀರ ಮೇಡಂ" ಎಂದು ನಕ್ಕ.

ಮೇಲಿನ ತಾರಸಿಗೆ ಕಾಂಕ್ರೀಟ್ ಹಾಕುವ ದಿನ ಹಿರಿಯೂರಿನಿಂದ ನಮ್ಮಕ್ಕ ಬಂದಿದ್ದಳು. ಕಾಂಕ್ರೀಟ್‌ನವರದು ಹೊಸದುರ್ಗದ ಕಡೆಯ ತಂಡ, ಆ ದಿನಕ್ಕೆಂದೇ ಕರೆಸಿದವರು. ಆ ಕಟ್ಟಡ ಅವರಿಗೆ ಹೊಸದು. ಎಲ್ಲ ಕುರಿ ಸಾಕುವ ಮನೆತನದವರು. ಕೆಲಸ ಹಿಡಿಯುವ ಮುಂಚೆ ಕಂಬಳಿ ಹಾಸಿ, ನೆಂಟಳಾಗಿ ಮನೆಗೆ ಬಂದ ಹೆಣ್ಣುಮಗಳೊಬ್ಬಳನ್ನು ಅದರ ಮೇಲೆ ಕೂರಿಸಿ ಭಂಡಾರದ ಅರಿಶಿನ ಹಚ್ಚುವುದು ಅವರ ಪದ್ಧತಿ. ಹಾಸಿದ ಕಂಬಳಿ ಅವರಿಗೆ ದೇವರ ಗದ್ದುಗೆ. ಪೂಜೆ ಮುಗಿಯುವ ತನಕ ಯಾರೂ ಅದನ್ನು ಎಳೆಯುವಂತಿಲ್ಲ.

ಮೂರನೇ ಮಹಡಿಯ ತುಂಬ ತಾರಸಿಗೆ ಕೊಟ್ಟ ಆಧಾರದ ಕಂಬಗಳು. ಕಂಬ ಇಲ್ಲದ ಸಮತಟ್ಟಾದ ಜಾಗ ಒಂದೇ. ತಂಡದ ಮುದುಕ ಮೇಸ್ತ್ರಿ ನಿಂತಲ್ಲಿಂದಲೇ ಕಂಬಳಿ ಬೀಸಿ ಅಲ್ಲಿ ಹಾಸಿದ, ಅದರ ಮೇಲೆ ಭಂಡಾರ ಎರಚಿದ.

"ಬರ್ರಿ ಅಕ್ಕಾರೆ, ಕುಂತ್ಕಳ್ರಿ."

ಇಲ್ಲಿ ನನ್ನ ನೆನಪು ಗಾಳಿ ಬೀಸಿತೆಂದೂ ಕಂಬಳಿಯ ತುದಿ ಅಲುಗಿತೆಂದೂ ಸೇರಿಸುತ್ತದೆ. ನಂಬುವುದಿಲ್ಲ. ಕೆಳಗೆ ಮಿಕ್ಸರ್ ತಿರುಗುತ್ತಿತ್ತು, ಅದು ಖಚಿತ. ಅಕ್ಕ ಆಗಲೇ ಒಂದು ಮಂಡಿ ಊರಿದ್ದಳಂತೆ; ಅವಳ ಮಾತು. ನನ್ನ ಲೆಕ್ಕದಲ್ಲಿ ಎರಡು ಹೆಜ್ಜೆ ದೂರವಿದ್ದಳು. ಯಾವುದು ನಿಜವೆಂದು ತೀರ್ಮಾನಿಸಲು ಹೋಗಿಲ್ಲ. ಅವಳ ರಟ್ಟೆ ಹಿಡಿದು ಹಿಂದಕ್ಕೆ ಎಳೆದದ್ದು ನಾನು. ಬಾಗಿ ಕಂಬಳಿ ಕಿತ್ತದ್ದೂ ನಾನೇ. ಅರಿಶಿನದ ಪುಡಿ ಎಲ್ಲ ಕಡೆ ಹಾರಿತು.

"ಏನ್ರವ್ವಾ ನೀವು! ಗದ್ದಿಗೆ ಎಳಿತಾರೇನ್ರಿ?" ಮೇಸ್ತ್ರಿ ನನ್ನ ಮೇಲೆ ರೇಗಿದ. ಹಿಂದಿದ್ದವರು ಗೊಣಗತೊಡಗಿದರು. "ಓದಿರೋರ ಹಣೇಬರಾನೇ ಇಷ್ಟು" ಅಂದಳೊಬ್ಬಳು.

"ಆ ಹಲಗೆ ಒತ್ತಿ ನೋಡ್ರಿ. ಕಾಲಿಡಬ್ಯಾಡ್ರಿ, ಕೋಲಲ್ಲಿ ಒತ್ರಿ" ಅಂದೆ.

ಒತ್ತಿದ. ಹಲಗೆ ಒಂದು ಕಡೆ ಎದ್ದಿತು, ಓರೆಯಾಯಿತು, ಇಲ್ಲವಾಯಿತು. ಕೆಳಗಿನಿಂದ ಸದ್ದು ಬರಲು ತಡವಾಯಿತು. ಎಷ್ಟು ತಡ ಎಂದು ಹೇಳಲಾರೆ. ನೆನಪಿನಲ್ಲಿ ಒಮ್ಮೊಮ್ಮೆ ಅದು ಉದ್ದವಾಗುತ್ತದೆ.

ಮೇಸ್ತ್ರಿ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡು ಮಹಡಿಯ ಅಂಚಿನಿಂದ ಕೂಗಿದ: "ಲೇ, ಮಿಕ್ಸರ್ ನಿಲ್ಸಲೇ!"

ಇಂಜಿನಿಯರ್ ಏದುಸಿರು ಬಿಡುತ್ತಾ ಹತ್ತಿ ಬಂದ. "ಯಾಕಜ್ಜ? ಮುಹೂರ್ತ ಮೀರ್ತೈತೆ."

"ಮೀರ್ಲಿ. ನನ್ ಕೈಯಾರೆ ಆ ತಾಯೀನ ಗುಂಡಿಗೆ ತಳ್ತಿದ್ನಲ್ಲಪ್ಪ. ನಾಕೂ ಕಡೆ ಕಬ್ಬಿಣದ ಕಂಬಿ ಕಟ್ಸು, ಎಲ್ಲಾ ಮಹಡೀಗೂ. ಅಲ್ಲೀತಂಕ ನಮ್ಮೋರು ಒಂದು ಬಾಂಡ್ಲಿ ಕಾಂಕ್ರೀಟ್ ಎತ್ತಂಗಿಲ್ಲ."

ಇಂಜಿನಿಯರ್ ಯಾರಿಗೋ ಫೋನ್ ಮಾಡಿದ, ಬೈಸಿಕೊಂಡ, ಮತ್ತೆ ಮಾಡಿದ. ತಂಡದವರು ಸಾಲಾಗಿ ಕೂತು ಎಲೆ ಅಡಿಕೆ ಹಾಕಿಕೊಂಡರು. ಕೊನೆಗೆ ಕಂಬಿ ಬಂತು. ಕಟ್ಟಿದ ಪ್ರತಿ ಕಂಬಿಯನ್ನೂ ಮೇಸ್ತ್ರಿ ಎರಡು ಕೈಯಲ್ಲಿ ಹಿಡಿದು ಜಗ್ಗಿದ. ಸಡಿಲವಿದ್ದದ್ದನ್ನು ಬಿಚ್ಚಿಸಿ ಮತ್ತೆ ಕಟ್ಟಿಸಿದ.

"ಇನ್ನೇನಾರ ಐತಾ ಮೇಡಂ?" ಇಂಜಿನಿಯರ್ ಬೆವರು ಒರೆಸಿಕೊಂಡು ಕೇಳಿದ. ವ್ಯಂಗ್ಯವೇ ಇರಬೇಕು.

"ಐತೆ" ಅಂದೆ. "ಮೆಟ್ಟಿಲಿಗೂ ಕಟ್ಸ್ರಿ."

ಅವನು ಮೇಸ್ತ್ರಿಯ ಕಡೆ ನೋಡಿದ. ಮೇಸ್ತ್ರಿ ತಂಡದವರ ಪಕ್ಕ ಮತ್ತೆ ಕೂತು ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದ.